ಮೂರು ಕಡೆ ಚುಚ್ಚಿ ನೋಡಿದ ಇಂಗ್ಲಿಷ್ ಸಾಹಿತ್ಯ

ಅಂಚೆ ಕಾರ್ಡು ಓದುವುದು ತಪ್ಪು ಎನ್ನುವವರು ಒಂದು ದಿನ ನನ್ನ ಕುರ್ಚಿಯಲ್ಲಿ ಕುಳಿತು ನೋಡಬೇಕು. ಬೆಳಗೋಡಿನಿಂದ ಮೂರು ಮೈಲಿ ಒಳಗಿರುವ ನಮ್ಮೂರಿನ ಅಂಚೆ ಕಚೇರಿಗೆ ದಿನಕ್ಕೆ ಬರುವುದೇ ಏಳೋ ಎಂಟೋ ಕಾಗದ. ಅಂಟು ಹಾಕಿ ಮುಚ್ಚಿದ್ದನ್ನು ನಾನು ಮುಟ್ಟುವವನಲ್ಲ. ಆ ಮಟ್ಟಿಗೆ ಸರ್ಕಾರದ ಅನ್ನ ಉಂಡ ಮನುಷ್ಯ. ಆದರೆ ಕಾರ್ಡು ಬರೆದವನಿಗೇ ಇಲ್ಲದ ಸಂಕೋಚ ನನಗೇಕೆ? ಕಣ್ಣು ಮುಚ್ಚಿಕೊಂಡು ಮುದ್ರೆ ಒತ್ತಲು ಹೋದರೆ ಅದು ಹೆಬ್ಬೆರಳಿನ ಮೇಲೆ ಬೀಳುತ್ತದೆ. ಎರಡು ಸಲ ಬಿದ್ದಿದೆ.

ಹಾಗಾಗಿ ತೊಂಬತ್ತೆಂಟರ ಫೆಬ್ರವರಿಯಲ್ಲಿ ದೇವೀರಮ್ಮನ ಹೆಸರಿಗೆ ಬಂದ ಕಾರ್ಡು ಆಕೆಗಿಂತ ಮೊದಲು ನನಗೇ ತಲುಪಿತು. ಆಲೂರು ತಾಲ್ಲೂಕಿನ ಮಗ್ಗೆಯಿಂದ ಬಂದದ್ದು. ಬರೆದವರು ರಂಗಸ್ವಾಮಿ, ನಿವೃತ್ತ ಇಂಗ್ಲಿಷ್ ಉಪನ್ಯಾಸಕರು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು, ವಿಷಯ ಮಾತ್ರ ಕೋರ್ಟಿನ ಸಮನ್ಸಿನ ಹಾಗಿತ್ತು.

"ತಮ್ಮ ಪುತ್ರ ಚಿ. ಯೋಗಾನಂದನು ಅಭಿಜಾತ ಆಂಗ್ಲ ಸಾಹಿತ್ಯದ ನೂರಕ್ಕೂ ಮಿಕ್ಕ ಗ್ರಂಥಗಳನ್ನು ಬಲ್ಲವನೆಂದು ಜವರಯ್ಯನವರಿಂದ ತಿಳಿದು ಸಂತೋಷ. ನನ್ನ ತಂಗಿಯ ಮಗಳು ದೀಪಶ್ರೀ ಆಲೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾಳೆ. ತಂದೆಯಿಲ್ಲದ ಹುಡುಗಿಗೆ ನಾನೇ ಹಿರಿಯ. ಆದಕಾರಣ ಇಂದಿಗೆ ಮೂರನೇ ಭಾನುವಾರ ತಾವು ಹೆಣ್ಣು ನೋಡಲು ಬಂದಾಗ ಮೊದಲು ವರನಿಗೆ ಸಾಹಿತ್ಯದಲ್ಲಿಯೂ ಪದಸಂಪತ್ತಿನಲ್ಲಿಯೂ ಮೌಖಿಕ ಪರೀಕ್ಷೆ ಇರುತ್ತದೆ. ತೇರ್ಗಡೆಯಾದಲ್ಲಿ ಹೆಣ್ಣು ನೋಡುವ ಶಾಸ್ತ್ರ. ಆಗದಿದ್ದಲ್ಲಿ ಕಾಫಿ ಕುಡಿದು ಹೊರಡಬಹುದು."

ದೇವೀರಮ್ಮನಿಗೆ ಓದು ಬಾರದು. ಕಾರ್ಡನ್ನು ನಾನೇ ಅವಳ ಮಗನ ಕೈಗೆ ಕೊಟ್ಟೆ. ಯೋಗಾನಂದ ಬಿಳಿಕಲ್ಲು ಎಸ್ಟೇಟಿನ ಸ್ಟೋರ್ ಕೀಪರ್. ವಯಸ್ಸು ಮೂವತ್ನಾಲ್ಕು. ಪಿಯುಸಿಯ ಇಂಗ್ಲಿಷನ್ನು ಎರಡನೇ ಸಲಕ್ಕೆ, ದೇವರ ಮೇಲೆ ಭಾರ ಹಾಕಿ ಪಾಸು ಮಾಡಿದವನು. ಕಾರ್ಡನ್ನು ಒಮ್ಮೆ ಓದಿದ, ತಿರುಗಿಸಿ ವಿಳಾಸ ನೋಡಿದ, ಬೇರೆ ಯಾರದ್ದಾದರೂ ಇರಬಹುದೇ ಎಂಬ ಆಸೆಯಿಂದ. ಆಮೇಲೆ ನನ್ನ ಬೆಂಚಿನ ಮೇಲೆ ಕುಸಿದು ಕುಳಿತ.

"ಶಿವಯ್ಯಣ್ಣ, ನಾನು ಕೆಟ್ಟೆ ಕಣಣ್ಣ."

"ನೂರು ಪುಸ್ತಕ ಯಾವಾಗ ಓದ್ದೆ ಮಾರಾಯ? ನಂಗೆ ಹೇಳ್ಲೇ ಇಲ್ಲ," ಎಂದೆ.

ಸಂಗತಿ ಹೊರಬಂತು. ಎಸ್ಟೇಟಿನ ಬಂಗಲೆಯಲ್ಲಿ ಹಳೇ ಬಿಳಿ ದೊರೆ ಬಿಟ್ಟುಹೋದ ಒಂದು ಗಾಜಿನ ಬೀರು ಇದೆ. ಅದರ ತುಂಬ ಇಂಗ್ಲಿಷ್ ಪುಸ್ತಕ, ಲೆಕ್ಕಕ್ಕೆ ನೂರಾ ಇಪ್ಪತ್ತಾರು. ಬೀಗ ಇರುವ ಸಾಮಾನೆಲ್ಲ ಸ್ಟೋರ್ ಕೀಪರನ ಸುಪರ್ದಿಗೆ ಸೇರುವುದು ಆ ಎಸ್ಟೇಟಿನ ಪದ್ಧತಿ. ಹಾಗಾಗಿ ಗೊಬ್ಬರ, ಗೋಣಿಚೀಲ, ಸ್ಪ್ರೇ ಪಂಪು ಇವುಗಳ ಜೊತೆಗೆ ಆಂಗ್ಲ ಸಾಹಿತ್ಯವೂ ಯೋಗಾನಂದನ ಪಾಲಿಗೆ ಬಂದಿತ್ತು. ವರ್ಷಕ್ಕೊಮ್ಮೆ ಬೀರು ತೆಗೆದು ಬೂಷ್ಟು ಒರೆಸಿ ಮತ್ತೆ ಜೋಡಿಸುವುದು ಅವನ ಕೆಲಸ. ಹಾಗೆ ಒರೆಸುತ್ತಿದ್ದಾಗ ಒಂದು ದಿನ ಜವರಯ್ಯ ಬಂದ. ಜವರಯ್ಯನದು ಗೋಣಿಚೀಲ ಮಾರುವ ವ್ಯಾಪಾರ, ಸಂಬಂಧ ಕುದುರಿಸುವ ಚಟ. "ಇದನ್ನೆಲ್ಲ ನೀನೇ ಓದೋದೇನ್ಲಾ?" ಎಂದು ಕೇಳಿದ. ಇಲ್ಲ ಎನ್ನಲು ಎರಡು ಅಕ್ಷರ ಸಾಕಿತ್ತು. ನಮ್ಮ ಯೋಗಾನಂದ, "ಏನೋ, ಆಗೊಮ್ಮೆ ಈಗೊಮ್ಮೆ" ಎಂದ. ಆ ಮಾತು ಬೆಳಗೋಡು ದಾಟಿ ಸಕಲೇಶಪುರದ ಬಸ್ ಸ್ಟ್ಯಾಂಡು ತಲುಪುವಾಗ ನೂರು ಪುಸ್ತಕವಾಯಿತು, ಮಗ್ಗೆ ತಲುಪುವಾಗ ಅಭಿಜಾತವೂ ಆಯಿತು.

"ಹೋಗ್ಲಿ ಬಿಡು. ಜವರಯ್ಯಂಗೆ ಹೇಳಿ ನಿಜ ತಿಳಿಸ್ಬುಡು. ಬೇರೆ ಹೆಣ್ಣು ಇಲ್ವಾ," ಎಂದೆ.

ಅವನು ತಲೆ ಎತ್ತಲಿಲ್ಲ. "ಮೂರು ತಿಂಗಳ ಹಿಂದೆ ಆನೇಮಹಲ್‌ನಾಗೆ ನಮ್ಮ ಚಿಕ್ಕಪ್ಪನ ಮಗಳ ಮದುವೆಗೆ ಈ ದೀಪಶ್ರೀ ಬಂದಿದ್ಲು ಕಣಣ್ಣ. ಪಂಕ್ತೀಲಿ ಪಾಯಸ ಬಡಿಸ್ತಿದ್ದೆ. ಅವಳ ಎಲೆಗೆ ಬಡಿಸ್ದೆ, ಮುಂದಕ್ಕೆ ಹೋಗೋದು ಬಿಟ್ಟು ಇನ್ನೊಂದ್ಸಲ ಅವಳಿಗೇ ಬಡಿಸ್ಬುಟ್ಟೆ. ಬೈತಾಳೆ ಅಂದ್ಕೊಂಡೆ. ನಕ್ಬುಟ್ಲು. ಏಳು ಕಡೆ ಹೆಣ್ಣು ನೋಡಾಯ್ತು. ಏಳೂ ಕಡೆ ಸ್ಟೋರ್ ಕೀಪರ್ರಾ ಅಂದ್ರು. ಇಲ್ಲೂ ಆಗಲ್ಲ ಅಂದ್ರೆ ನಾನು ಇನ್ನು ಹೆಣ್ಣು ನೋಡಕ್ಕೆ ಹೋಗಲ್ಲ."

ಗೋಣಿಚೀಲ ಎಣಿಸುವಷ್ಟೇ ಶಾಂತವಾಗಿ ಹೇಳಿದ. ಹೊಟ್ಟೆಯೊಳಗೆ ಇಷ್ಟೆಲ್ಲ ಇಟ್ಟುಕೊಂಡು ಈ ಮನುಷ್ಯ ಮೂರು ತಿಂಗಳಿಂದ ನನ್ನ ಬೆಂಚಿನ ಮೇಲೆ ಕುಳಿತು ಬರೀ ಹವಾಮಾನ ಮಾತಾಡುತ್ತಿದ್ದ.

ಕಾರ್ಡನ್ನು ಇನ್ನೊಂದು ಸಲ ಓದಿದಾಗ ಅವನ ಮುಖದಲ್ಲಿ ಕಳೆ ಬಂತು. "ಓದ್ಬುಡ್ತೀನಿ," ಎಂದ.

"ಮೂರು ವಾರದಾಗೆ ನೂರಾ ಇಪ್ಪತ್ತಾರು ಪುಸ್ತಕಾನ?"

"ಪೂರ್ತಿ ಯಾಕಣ್ಣ? ಕಾಫಿ ಚೀಲನ ಯಾರಾದ್ರೂ ಪೂರ್ತಿ ಸುರ್ದು ನೋಡ್ತಾರಾ?"

ಇಲ್ಲಿ ಓದುಗರಿಗೆ ಸ್ವಲ್ಪ ವಿವರಣೆ ಬೇಕು. ಕಾಫಿ ಕೊಳ್ಳುವವನು ಸ್ಟೋರಿಗೆ ಬಂದರೆ ಚೀಲ ಬಿಚ್ಚುವುದಿಲ್ಲ. ಮೊನಚಾದ ಕಬ್ಬಿಣದ ಕೊಳವೆಯೊಂದನ್ನು ಚೀಲಕ್ಕೆ ಚುಚ್ಚುತ್ತಾನೆ. ಮೇಲೆ ಒಂದು ಸಲ, ನಡುವೆ ಒಂದು ಸಲ, ಬುಡದಲ್ಲಿ ಒಂದು ಸಲ. ಕೊಳವೆಯಲ್ಲಿ ಇಳಿದುಬಂದ ಬೀಜವನ್ನು ಅಂಗೈಯಲ್ಲಿ ಹರಡಿ, ಮೂಸಿ, ಕಚ್ಚಿ, ಚೀಲದ ಹಣೆಬರಹ ಹೇಳುತ್ತಾನೆ. ಸ್ಟೋರಿಗೆ ಬರುವ ಚೀಲಗಳಿಗೆ ಹನ್ನೆರಡು ವರ್ಷ ಇದೇ ಕೆಲಸ ಮಾಡಿದ ಯೋಗಾನಂದ ಅಂಗೈ ನೋಡಿಯೇ ಬೀಜ ಯಾವ ತೋಟದ್ದು, ಎಷ್ಟು ದಿನ ಒಣಗಿದ್ದು ಎಂದು ಹೇಳಬಲ್ಲ. ಅವನ ಪ್ರಕಾರ ಪುಸ್ತಕವೂ ಒಂದು ಚೀಲ. ಮೊದಲಿಂದ ಒಂದು ಪುಟ, ನಡುವಿಂದ ಒಂದು, ಕೊನೆಯಿಂದ ಒಂದು. ಸರಕಿನ ಗುಣ ತಿಳಿಯುತ್ತದೆ.

ಇಂಥ ಶೋಧ ವಿಶ್ವವಿದ್ಯಾಲಯಗಳಲ್ಲಿ ಯಾಕೆ ನಡೆದಿಲ್ಲವೋ ನನಗೆ ತಿಳಿಯದು. ನಡೆದಿದ್ದರೂ ಅವರು ಬಾಯಿ ಬಿಡುವವರಲ್ಲ.

ಮರುದಿನದಿಂದ ಕೆಲಸ ಶುರುವಾಯಿತು. ಸ್ಟೋರಿನ ಕಿಟಕಿಯ ಪಕ್ಕದ ಮೇಜಿನ ಮೇಲೆ ಪುಸ್ತಕದ ರಾಶಿ, ಒಂದು ದಪ್ಪ ಡಿಕ್ಷನರಿ, ಅದರ ಬದಿಗೆ ಸ್ಟಾಕ್ ಪುಸ್ತಕ. ಓದಿದ ಪ್ರತಿ ಮಾದರಿಯನ್ನೂ ಅವನು ಅದರಲ್ಲಿ ದಾಖಲು ಮಾಡುತ್ತಿದ್ದ. ಹೊಸ ಪದ ಸಿಕ್ಕರೆ ಗಟ್ಟಿಯಾಗಿ ಹತ್ತು ಸಲ ಹೇಳುತ್ತಿದ್ದ. ಕಣದಲ್ಲಿ ಕಾಫಿ ಹರಡುವ ಹೆಂಗಸರು ಎರಡು ದಿನ ಸುಮ್ಮನೆ ನೋಡಿದರು. ಮೂರನೇ ದಿನ ಭೂತಮ್ಮ ಎಂಬಾಕೆ ಹೋಗಿ ದೇವೀರಮ್ಮನಿಗೆ ತಿಳಿಸಿದಳು.

ದೇವೀರಮ್ಮ ನೇರವಾಗಿ ಅಂಚೆ ಕಚೇರಿಗೆ ಬಂದಳು. "ಶಿವಯ್ಯ, ನನ್ ಮಗ ಗೋಡೆ ನೋಡ್ಕೊಂಡು 'ಮೆಲಂಕಲಿ, ಮೆಲಂಕಲಿ' ಅಂತವ್ನಂತೆ. ಅದ್ಯಾವ ದೇವ್ರಪ್ಪ? ನಮ್ಮ ಕಡೇದಲ್ಲ."

"ದೇವ್ರಲ್ಲ ಕಣಮ್ಮ. ಇಂಗ್ಲಿಷು. ಮನಸ್ಸಿಗೆ ಮಂಕು ಕವಿಯೋದು."

"ಕವಿದೈತಲ್ಲ ಮತ್ತೆ," ಎಂದು ಆಕೆ ಹೋಗಿ ಮಗನ ತೋಳಿಗೆ ಒಂದು ತಾಯಿತ ಕಟ್ಟಿಸಿದಳು.

ಸುದ್ದಿ ಅಲ್ಲಿಗೆ ನಿಲ್ಲಲಿಲ್ಲ. ಯೋಗಾನಂದ ದೊಡ್ಡ ಪರೀಕ್ಷೆಗೆ ಕಟ್ಟಿದ್ದಾನೆ ಎಂದು ಎಸ್ಟೇಟಿನ ಕೂಲಿ ಲೈನಿನ ಮನೆಗಳಲ್ಲಿ ಮಾತಾಯಿತು. ತಹಸೀಲ್ದಾರನಾಗುತ್ತಾನೆ ಎಂದು ಬೆಳಗೋಡಿನ ಹೋಟೆಲಿನಲ್ಲಿ ಹೇಳಿದರು. ಒಂದು ವಾರ ಕಳೆಯುವಷ್ಟರಲ್ಲಿ ಜನ ಇಂಗ್ಲಿಷಿನಲ್ಲಿದ್ದ ಕಾಗದವನ್ನೆಲ್ಲ ಹಿಡಿದು ಸ್ಟೋರಿಗೆ ಬರತೊಡಗಿದರು. ಕರೆಂಟಿನ ನೋಟೀಸು, ಔಷಧಿ ಡಬ್ಬಿಯೊಳಗಿನ ಚೀಟಿ, ಸೈನ್ಯದಲ್ಲಿದ್ದ ಅಳಿಯನ ವರ್ಗಾವಣೆ ಪತ್ರ. ಭೂತಮ್ಮ ಕೆಮ್ಮಿನ ಔಷಧಿಯ ಬಾಟಲಿಯನ್ನೇ ತಂದಳು. ಅವನು ಲೇಬಲ್ಲು ಓದಿ, ಇಂಥ ಕೆಮ್ಮು ಇಂಗ್ಲೆಂಡಿನಲ್ಲಿ ಹುಡುಗಿಯರಿಗೆ ಬಂದರೆ ಕೊನೇ ಮಾದರಿಯ ಹೊತ್ತಿಗೆ ಅವರು ಇರುವುದಿಲ್ಲ ಎಂದ. ಭೂತಮ್ಮ ಎರಡು ದಿನ ಕೆಲಸಕ್ಕೆ ಬರಲಿಲ್ಲ.

ನಿಜವಾದ ಗ್ರಹಚಾರ ಬಂದದ್ದು ಕಾಫಿ ಬೋರ್ಡಿನ ಅಧಿಕಾರಿಯ ರೂಪದಲ್ಲಿ. ಅವರು ತನಿಖೆಗೆ ಬಂದವರು, ಎಸ್ಟೇಟಿನ ಸಾಹುಕಾರರ ಎದುರಿಗೇ ಸ್ಟಾಕ್ ಪುಸ್ತಕ ತೆರೆದರು. ನಾನು ಆಗ ಸಾಹುಕಾರರ ತಪಾಲು ಕೊಡಲು ಹೋಗಿದ್ದೆ, ಕಣ್ಣಾರೆ ಕಂಡೆ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು.

"ನಂಬರ್ ಹದಿನಾಲ್ಕು. ಮೇಲೆ: ಚಹಾ ಕುಡಿದರು. ನಡುವೆ: ಚಹಾ ಕುಡಿದರು. ಬುಡ: ಮದುವೆ, ನಂತರ ಚಹಾ. ನಂಬರ್ ಹದಿನೈದು. ಮೇಲೆ: ಮಂಜು. ನಡುವೆ: ದೊಡ್ಡ ಮನೆ, ಮೇಲಿನ ಕೋಣೆಯಲ್ಲಿ ಸದ್ದು. ಬುಡ: ಪಶ್ಚಾತ್ತಾಪ. ತೇವ ಜಾಸ್ತಿ. ನಂಬರ್ ಹದಿನಾರು, ಪದ್ಯ. ಮೂರು ಕಡೆಯೂ ಹೂವು. ಅರ್ಥವಾಗಲಿಲ್ಲ, ಆದರೂ ಮೊದಲ ದರ್ಜೆ."

ಅಧಿಕಾರಿ ಪುಸ್ತಕ ಕೆಳಗಿಟ್ಟು, "ಇದು ರೋಬಸ್ಟಾನೋ ಅರೇಬಿಕಾನೋ?" ಎಂದು ಕೇಳಿದರು.

ಯೋಗಾನಂದ ಎಲ್ಲ ಹೇಳಿದ. ಸಾಹುಕಾರರು ಕೆಂಡವಾಗುತ್ತಾರೆ ಎಂದು ನಾನು ಬಾಗಿಲ ಕಡೆಗೆ ಸರಿದಿದ್ದೆ. ಅವರು ಸಿಟ್ಟಾಗಲಿಲ್ಲ. ಬೀರುವನ್ನು ಅವರ ತಂದೆ ಎಸ್ಟೇಟಿನ ಜೊತೆಗೆ ಕೊಂಡದ್ದು. ನಲವತ್ತು ವರ್ಷದಿಂದ ಬಂದ ನೆಂಟರಿಗೆಲ್ಲ ತೋರಿಸಿದ್ದಾರೆ, ಒಂದು ಪುಸ್ತಕವನ್ನೂ ತೆರೆದಿಲ್ಲ. ಮೀಸೆ ತಿರುವಿ, "ಮಗ್ಗೆಗೆ ಹೋಗಕ್ಕೆ ನಮ್ಮ ಜೀಪು ತಗೊಂಡೋಗು. ಯಾವುದಾದ್ರೂ ಪುಸ್ತಕ ಚೆನ್ನಾಗಿದ್ರೆ ನಂಗೂ ಹೇಳೋ," ಎಂದರು. ಅಧಿಕಾರಿ ಮಾತ್ರ ಹೊರಡುವ ಮುಂಚೆ ಯೋಗಾನಂದನನ್ನು ಪಕ್ಕಕ್ಕೆ ಕರೆದು ನಂಬರ್ ಹದಿನೈದರ ಮೇಲಿನ ಕೋಣೆಯಲ್ಲಿ ಯಾರಿದ್ದರು ಎಂದು ವಿಚಾರಿಸಿದರು. ಆ ಪುಟ ಮಾದರಿಯಲ್ಲಿ ಬಂದಿರಲಿಲ್ಲ.

ಇಷ್ಟಾದ ಮೇಲೆ ನಲವತ್ತನೇ ನಂಬರಿನವರೆಗೆ ಕೆಲಸ ಸರಾಗವಾಗಿ ಹೋಯಿತು. ಆಮೇಲೆ ಒಂದು ವಾರ ಆಸಾಮಿ ನನ್ನ ಕಡೆಗೆ ಸುಳಿಯಲಿಲ್ಲ. ಪರೀಕ್ಷೆಯ ಹಿಂದಿನ ದಿನ ನಾನೇ ಹೋಗಿ ಎಷ್ಟಾಯಿತು ಎಂದು ಕೇಳಿದೆ.

"ನಲವತ್ತೊಂದು," ಎಂದ, ತಲೆ ಎತ್ತದೆ.

"ಹೋದ ಶನಿವಾರಾನೂ ನಲವತ್ತೊಂದೇ ಇತ್ತಲ್ಲೋ."

"ಹೂಂ," ಎಂದ. ಕೈಯಲ್ಲಿದ್ದ ಸಣ್ಣ ಪುಸ್ತಕದ ಪುಟ ತಿರುಗಿಸಿದ. ಓದಿ ಓದಿ ತಲೆಗೆ ಏರಿದೆ ಎಂದುಕೊಂಡು ನಾನು ವಾಪಸು ಬಂದೆ.

ಭಾನುವಾರ ಬೆಳಿಗ್ಗೆ ಜೀಪಿನಲ್ಲಿ ನಾಲ್ವರು ಹೊರಟೆವು: ಯೋಗಾನಂದ, ದೇವೀರಮ್ಮ, ಜವರಯ್ಯ, ನಾನು. ಕಾಗದ ತಂದವನು ನಾನಾದ್ದರಿಂದ ಪರಿಣಾಮ ನೋಡುವುದು ನನ್ನ ಕರ್ತವ್ಯವಾಗಿತ್ತು. ದಾರಿಯುದ್ದಕ್ಕೂ ಜವರಯ್ಯ ಧೈರ್ಯ ಹೇಳಿದ. "ಹೆದ್ರಬೇಡ ಕಣ್ಲಾ. ಗೊತ್ತಿಲ್ದಿದ್ರೆ ನಗು. ಓದ್ದೋರು ಹಂಗೇ ನಗೋದು." ಯೋಗಾನಂದ ಮಡಿಲಲ್ಲಿ ಒಂದು ಬಟ್ಟೆಯ ಚೀಲ ಹಿಡಿದು ಕುಳಿತಿದ್ದ. ಬಿಳಿ ಅಂಗಿಯ ತೋಳಿನೊಳಗಿಂದ ತಾಯಿತ ಇಣುಕುತ್ತಿತ್ತು.

ಮಗ್ಗೆಯ ಆ ಮನೆಯಲ್ಲಿ ಪರೀಕ್ಷೆಯ ಸುದ್ದಿ ಎಷ್ಟು ಹಬ್ಬಿತ್ತೆಂದರೆ ಜಗಲಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಹೆಣ್ಣು ನೋಡುವ ಶಾಸ್ತ್ರ ಎಲ್ಲರೂ ಕಂಡಿದ್ದರು, ಗಂಡನ್ನು ಪರೀಕ್ಷೆ ಮಾಡುವುದನ್ನು ಯಾರೂ ಕಂಡಿರಲಿಲ್ಲ. ಅಕ್ಕಪಕ್ಕದ ಮನೆಯವರು ತಮ್ಮ ತಮ್ಮ ಕುರ್ಚಿಗಳನ್ನೇ ತಂದಿದ್ದರು. ನಡುಮನೆಯಲ್ಲಿ ಒಂದು ಮೇಜು. ಅದರ ಹಿಂದೆ ರಂಗಸ್ವಾಮಿ ಮೇಷ್ಟ್ರು, ಕೋಟು ಹಾಕಿಕೊಂಡು, ಒಂದು ಕಾಲನ್ನು ಮಣೆಯ ಮೇಲೆ ಚಾಚಿ ಕುಳಿತಿದ್ದರು. ಹುಡುಗಿಯ ತಾಯಿ ಭದ್ರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಹಸಿರು ಸೀರೆಯ ಅಂಚು ಕಾಣುತ್ತಿತ್ತು. ಯೋಗಾನಂದ ಅದನ್ನು ನೋಡಿದ, ಕೂಡಲೇ ಮೇಜು ನೋಡಿದ.

"ಮೊದಲು ಪದಸಂಪತ್ತು," ಎಂದರು ಮೇಷ್ಟ್ರು, ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು. "ಮೆಲಂಕಲಿ ಎಂದರೇನು?"

"ಮನಸ್ಸಿಗೆ ಮಂಕು ಕವಿಯೋದು ಸಾರ್. ಹಳೇ ಪುಸ್ತಕದಲ್ಲಿ ಮಳೆ ಬಂದರೆ ಆಗುತ್ತೆ, ಕಾಗದ ಬರದಿದ್ರೂ ಆಗುತ್ತೆ. ಊಟ ಮಾಡಿದ ಮೇಲೂ ಆಗೋದು ಒಂದು ಕಡೆ ನೋಡಿದೀನಿ."

ಜಗಲಿಯಲ್ಲಿ ಒಬ್ಬರು ತಲೆದೂಗಿದರು. ಮೇಷ್ಟ್ರು ಹುಬ್ಬೇರಿಸಿ ಮುಂದಕ್ಕೆ ಹೋದರು. "ಪಾರ್ಸನೇಜ್?"

"ಪಾದ್ರಿಯ ಮನೆ ಸಾರ್. ಅಲ್ಲಿ ಹೆಣ್ಣುಮಕ್ಕಳು ಜಾಸ್ತಿ, ಸೌದೆ ಕಮ್ಮಿ."

"ಗೌಟ್?"

"ಕಾಲಿನ ಹೆಬ್ಬೆರಳು ಊದಿ ಕೆಂಪಗಾಗೋ ಕಾಯಿಲೆ. ಇಂಗ್ಲೆಂಡಿನಾಗೆ ಸಿಡುಕು ಮಾವಂದಿರಿಗೆ ಬರುತ್ತೆ. ಕಾಲನ್ನ ಮಣೆ ಮೇಲೆ ಚಾಚಿಕೊಂಡು ಎಲ್ಲರಿಗೂ ಬೈತಾರೆ."

ಎಲ್ಲರ ಕಣ್ಣೂ ಮಣೆಯ ಮೇಲಿದ್ದ ಕಾಲಿಗೆ ಹೋಯಿತು. ಅಡುಗೆಮನೆಯೊಳಗೆ ಯಾರೋ ಬಾಯಿಗೆ ಸೆರಗು ಅದುಮಿಕೊಂಡು ನಕ್ಕ ಸದ್ದಾಯಿತು. ತಾನು ಏನು ಹೇಳಿದೆನೆಂದು ಆಗ ಹೊಳೆದು ಯೋಗಾನಂದ ಬೆವತುಹೋದ. ಮೇಷ್ಟ್ರು ನಿಧಾನವಾಗಿ ಕಾಲು ಕೆಳಗಿಳಿಸಿದರು.

"ಪದ ಸಾಕು. ಸಾಹಿತ್ಯಕ್ಕೆ ಬರೋಣ," ಎಂದರು. ಒಂದು ಕಾದಂಬರಿಯ ಹೆಸರು ಹೇಳಿದರು. ತಾವು ಇಪ್ಪತ್ತೆರಡು ವರ್ಷ ಪಾಠ ಮಾಡಿದ ಕಾದಂಬರಿಯಂತೆ, ಒಬ್ಬ ಪಾದ್ರಿ ಮತ್ತು ಅವನ ಇಬ್ಬರು ತಂಗಿಯರ ಕಥೆ. "ಇದರ ವೈಶಿಷ್ಟ್ಯವೇನು? ವಿವರಿಸು."

ಅದು ನಂಬರ್ ಇಪ್ಪತ್ತೇಳು. ಯೋಗಾನಂದನ ಮುಖ ಅರಳಿತು. "ಆ ನಾಯಿ ಸಾರ್."

"ಯಾವ ನಾಯಿ?"

"ಪಾದ್ರಿ ಟೋಪಿ ಕಚ್ಕೊಂಡು ಓಡುತ್ತಲ್ಲ ಸಾರ್. ನಟ್ಟನಡುವೆ, ನೂರಾ ನಲವತ್ತನೇ ಪುಟ. ಇಡೀ ಊರು ಹಿಂದೆ ಓಡುತ್ತೆ. ಪಾದ್ರಿಯ ದೊಡ್ಡ ತಂಗಿ ಅಲ್ಲೇ ಕೆಸರಿನಾಗೆ ಬೂಟ್ಸು ಬಿಟ್ಟು ಬರಿಗಾಲಲ್ಲಿ ಓಡ್ತಾಳೆ. ಅದ ಓದಿ ನಾನು ಸ್ಟೋರಲ್ಲಿ ಒಬ್ನೇ ನಕ್ಕಿದೀನಿ."

ಮೇಷ್ಟ್ರು ಮೇಜಿನ ಮೇಲಿದ್ದ ಗಡಿಯಾರವನ್ನು ಅತ್ತ ಇತ್ತ ಸರಿಸಿದರು. ಅವರ ಹಣೆಯ ಮೇಲೆ ಬೆವರು ಮೂಡಿದ್ದನ್ನು ನಾನು ಕಂಡೆ. ಇಪ್ಪತ್ತೆರಡು ವರ್ಷ ಅವರು ಮಕ್ಕಳಿಗೆ ಆ ಕಾದಂಬರಿಯ ಧರ್ಮಸೂಕ್ಷ್ಮ ಹೇಳಿದ್ದರು, ಸಮಾಜದ ಚಿತ್ರಣ ಹೇಳಿದ್ದರು, ಐದು ಅಂಕದ ಟಿಪ್ಪಣಿ ಬರೆಸಿದ್ದರು. ಹಾಸನದಲ್ಲಿ ಸಿಗುವ ಗೈಡಿನಲ್ಲಿ ಎಲ್ಲವೂ ಇತ್ತು. ನಾಯಿ ಇರಲಿಲ್ಲ.

"ಹ್ಞಾಂ. ಆ ನಾಯಿ," ಎಂದರು ಕೊನೆಗೆ. "ಅದು ಸಾಂಕೇತಿಕ."

"ಹೌದಾ ಸಾರ್? ಕಚ್ಚುತ್ತಲ್ಲ ಸಾರ್ ಒಬ್ಬರಿಗೆ."

"ಕಚ್ಚುವುದೂ ಸಾಂಕೇತಿಕ," ಎಂದು ಮೇಷ್ಟ್ರು ನೀರು ಕುಡಿದರು.

ಅಲ್ಲಿಂದ ಪರೀಕ್ಷೆಯ ದಿಕ್ಕೇ ಬದಲಾಯಿತು. ಅವರು ಒಂದು ನಾಟಕದ ಹೆಸರು ಹೇಳಿದರೆ ಇವನು ಅದರ ಬುಡದ ಮಾದರಿಯಲ್ಲಿದ್ದ ಮುರಿದ ಕುರ್ಚಿಯ ಬಗ್ಗೆ ಹೇಳಿದ. ಅವರು ಕವಿಯ ಜೀವನದರ್ಶನ ಕೇಳಿದರೆ ಇವನು ಆ ಕವಿ ಮೂರು ಕಡೆ ಚುಚ್ಚಿದರೂ ಒಂದೇ ಹಕ್ಕಿಯ ಬಗ್ಗೆ ಬರೆದಿದ್ದಾನೆ ಎಂದ. ಮೇಷ್ಟ್ರು ಪ್ರತಿ ಸಲವೂ "ಹೌದು, ಹೌದು" ಎನ್ನುವುದು ಜಾಸ್ತಿಯಾಯಿತು. ಜಗಲಿಯ ಜನಕ್ಕೆ ಇಂಗ್ಲಿಷು ಬಾರದಿದ್ದರೂ ಯಾರು ಯಾರಿಗೆ ಹೆದರುತ್ತಿದ್ದಾರೆ ಎಂಬುದು ಚೆನ್ನಾಗಿ ತಿಳಿಯಿತು. ಜವರಯ್ಯ ನನ್ನ ಪಕ್ಕೆಗೆ ತಿವಿದು, "ಗೆದ್ಬುಟ್ಟ ಕಣೋ," ಎಂದ. ಮೇಷ್ಟ್ರು ಗಡಿಯಾರ ಕಟ್ಟಿಕೊಳ್ಳುತ್ತ, "ತೇರ್ಗಡೆ ಅನ್ನಬಹುದು. ಭದ್ರಾ, ಉಪ್ಪಿಟ್ಟು ತಾ," ಎಂದರು.

"ಮಾಮ, ನಂದೊಂದು ಪ್ರಶ್ನೆ ಇದೆ."

ದೀಪಶ್ರೀ ಹೊರಗೆ ಬಂದಿದ್ದಳು. ತಲೆ ತಗ್ಗಿಸಿ, ತಟ್ಟೆ ಹಿಡಿದು ಬರುವ ಪದ್ಧತಿಗೆ ವಿರುದ್ಧವಾಗಿ, ಬರಿಗೈಯಲ್ಲಿ ಬಂದು ಮಾವನ ಪಕ್ಕದ ಸ್ಟೂಲಿನ ಮೇಲೆ ಕುಳಿತು ಯೋಗಾನಂದನನ್ನೇ ನೋಡಿದಳು. "ಆ ನಾಯಿ ಕೊನೆಗೆ ಟೋಪಿನ ಏನು ಮಾಡುತ್ತೆ?"

ಯೋಗಾನಂದ ಬಾಯಿ ತೆರೆದ. ಜವರಯ್ಯ, ನಗು ಎಂದು ಸನ್ನೆ ಮಾಡಿದ. ಮೇಷ್ಟ್ರು ಕೂಡ ನಗುವಂತೆ ಪ್ರೋತ್ಸಾಹಿಸುವ ಮುಖ ಮಾಡಿದರು. ನಿಜ ಹೇಳಬೇಕೆಂದರೆ ಆ ಕ್ಷಣದಲ್ಲಿ ಅವರು ನಮ್ಮ ಕಡೆಯವರಾಗಿದ್ದರು. ಒಂದು ನಗು ನಕ್ಕಿದ್ದರೆ ಮದುವೆ ಕುದುರುತ್ತಿತ್ತು. ಅವನು ಅವಳ ಮುಖ ನೋಡಿದ. ನಗಲಿಲ್ಲ.

"ಗೊತ್ತಿಲ್ಲ ಕಣ್ರೀ," ಎಂದ. "ಆ ಪುಸ್ತಕದಾಗೆ ನಾನು ಓದಿರೋದು ಮೂರೇ ಪುಟ."

ದೇವೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಯೋಗಾನಂದ ನಿಲ್ಲಿಸಲಿಲ್ಲ. ಬೀರು, ಬೂಷ್ಟು, ಆಗೊಮ್ಮೆ ಈಗೊಮ್ಮೆ ಎಂದ ಸುಳ್ಳು, ಕಾಫಿ ಚೀಲ, ಕೊಳವೆ, ಎಲ್ಲವನ್ನೂ ಸ್ಟಾಕ್ ಒಪ್ಪಿಸುವ ಹಾಗೆ ಒಪ್ಪಿಸಿದ. ಒಪ್ಪಿಸಿ ಎದ್ದು ನಿಂತ. "ನಿಮಗೆ ಮೋಸ ಮಾಡ್ಬೇಕು ಅಂತಿರ್ಲಿಲ್ಲ. ನಿಮ್ಮನ್ನ ನೋಡ್ಬೇಕು ಅಂತಿತ್ತು. ಕಾಫಿ ಕುಡಿದು ಹೊರಡ್ತೀವಿ."

ಜವರಯ್ಯ ತಲೆಯ ಮೇಲೆ ಕೈಹೊತ್ತ. ಜಗಲಿಯಲ್ಲಿ ಒಬ್ಬರು ತಮ್ಮ ಕುರ್ಚಿ ಎತ್ತಿಕೊಂಡರು. ತಪ್ಪಿದ ಏಳು ಸಂಬಂಧಗಳ ಪಕ್ಕಕ್ಕೆ ಎಂಟನೆಯದನ್ನು ಬರೆಯುವ ಹೊತ್ತು ಬಂತೆಂದು ನಾನೂ ಎದ್ದು ನಿಂತೆ.

"ಕೂತ್ಕೊಳ್ಳಿ," ಎಂದಳು ದೀಪಶ್ರೀ. "ಎಲ್ಲಾ ಪುಸ್ತಕಾನೂ ಮೂರೇ ಪುಟನಾ?"

"ಒಂದು ಬಿಟ್ಟು."

"ಅದ್ಯಾಕೆ ಬಿಟ್ರಿ?"

ಅವನು ಬಟ್ಟೆಯ ಚೀಲದಿಂದ ಸಣ್ಣ ಪುಸ್ತಕ ತೆಗೆದ. ಗೆದ್ದಲು ತಿಂದ ಅಂಚು, ಬಣ್ಣ ಹೋದ ರಟ್ಟು. "ಇದು ನಲವತ್ತೊಂದನೇದು. ಹಡಗಿಗೆ ಹಗ್ಗ ಹೊಸೆಯೋನ ಮಗಳ ಕಥೆ. ನಡುವಿಂದ ಒಂದು ಪುಟ ತೆಗೆದೆ. ಆ ಹುಡುಗಿ ಅವರಪ್ಪನ ಹಗ್ಗ ಒಂದನ್ನ ಚಾಕುಲಿ ಸೀಳಿ ನೋಡ್ತಾಳೆ. ಮೇಲೆಲ್ಲ ಹೊಸ ನಾರು. ಒಳಗೆ ಕೊಳೆತಿದ್ದು." ಅವನ ದನಿಯೇ ಬದಲಾಯಿತು. "ಕಾಫಿ ಚೀಲದಾಗೂ ಹಿಂಗೇ ಮಾಡ್ತಾರೆ ಕಣ್ರೀ, ನಾನು ಹಿಡಿದಿದೀನಿ. ಯಾವನು ಮಾಡಿದ್ದು ಅಂತ ತಿಳೀದೆ ನಂಗೆ ಊಟ ಸೇರಲಿಲ್ಲ. ಬುಡದ ಪುಟ ನೋಡಿದ್ರೆ ತಿಳೀತಿತ್ತು. ಯಾಕೋ ನೋಡಕ್ಕೆ ಮನಸ್ಸಾಗಲಿಲ್ಲ. ಮೊದ್ಲಿಂದ ಶುರು ಮಾಡ್ದೆ."

"ಹೇಳಿ," ಎಂದಳು.

ಅವನು ಹೇಳಿದ. ಮೇಷ್ಟ್ರ ಗ್ರಾಂಥಿಕ ಕನ್ನಡದಲ್ಲಲ್ಲ, ಲೈನಿನ ಹೆಂಗಸರಿಗೆ ಸುದ್ದಿ ಹೇಳುವ ಹಾಗೆ. ಹಗ್ಗ ಕಡಿದು ಹಡಗು ಮುಳುಗಿ ಹನ್ನೊಂದು ಜನ ಸತ್ತದ್ದು, ಕೊಳೆತ ಹಗ್ಗ ಕೊಟ್ಟನೆಂದು ಅಪ್ಪನನ್ನು ಜೈಲಿಗೆ ಹಾಕಿದ್ದು, ಊರಿನವರು ಅವರ ಮನೆಯ ಬಾವಿಯ ನೀರು ಮುಟ್ಟದೇ ಹೋದದ್ದು. ಹುಡುಗಿ ಒಬ್ಬಳೇ ಅಂಗಡಿ ಅಂಗಡಿ ಅಲೆದು ಹಗ್ಗ ಬದಲಾಯಿಸಿದವನು ಯಾರೆಂದು ಪತ್ತೆ ಹಚ್ಚಿದ್ದು. ಅವನು ಬೇರೆ ಯಾರೂ ಅಲ್ಲ, ಅವಳು ಮದುವೆಯಾಗಬೇಕಿದ್ದ ಹುಡುಗನ ಸ್ವಂತ ಅಣ್ಣ. ಅರ್ಥವಾಗದ ಕಡೆ "ಇಲ್ಲಿ ಒಂದು ಪ್ಯಾರಾ ನಂಗೆ ಬಿಡಿಸಕ್ಕೆ ಆಗ್ಲಿಲ್ಲ" ಎಂದು ಪ್ರಾಮಾಣಿಕವಾಗಿ ದಾಟಿದ. ಕುರ್ಚಿ ಎತ್ತಿಕೊಂಡಿದ್ದವರು ಅದನ್ನು ಮೆಲ್ಲಗೆ ಕೆಳಗಿಟ್ಟು ಕುಳಿತರು. ಉಪ್ಪಿಟ್ಟು ಒಲೆಯ ಮೇಲೆ ತಳ ಹಿಡಿಯುತ್ತಿದ್ದ ವಾಸನೆ ಬಂದರೂ ಭದ್ರಮ್ಮ ಬಾಗಿಲು ಬಿಟ್ಟು ಅಲ್ಲಾಡಲಿಲ್ಲ.

"ಬೆಳಿಗ್ಗೆ ವಿಚಾರಣೆ. ಹುಡುಗಿ ಕೋರ್ಟಿನ ಮೆಟ್ಟಿಲು ಹತ್ತುತಾಳೆ. ಬಾಯಿ ಬಿಟ್ಟರೆ ಅಪ್ಪ ಬರ್ತಾನೆ, ಹುಡುಗ ಹೋಗ್ತಾನೆ. ಹುಡುಗ ಅಲ್ಲೇ ಬಾಗಿಲಾಗೆ ನಿಂತವ್ನೆ. ಅವನಿಗೆ ಎಲ್ಲ ಗೊತ್ತು. ಅವಳನ್ನ ನೋಡಿ ಟೋಪಿ ತೆಗೀತಾನೆ." ಯೋಗಾನಂದ ನಿಲ್ಲಿಸಿದ.

"ಆಮೇಲೆ?" ಎಂದು ಮೂರು ನಾಲ್ಕು ಕಡೆಯಿಂದ ಕೇಳಿಬಂತು.

"ಅಲ್ಲಿಗೇ ಓದಿರೋದು. ಇನ್ನೂ ನಲವತ್ತು ಪುಟ ಐತೆ. ಜೀಪು ಬಂದ್ಬುಡ್ತು."

ಭದ್ರಮ್ಮ ಅಣ್ಣನ ಕಡೆಗೆ ತಿರುಗಿದರು. "ಅಣ್ಣ, ನೀನು ಎಲ್ಲಾ ಓದಿರೋನು. ಹೇಳ್ಬುಡು. ಅಪ್ಪನ್ನ ಬಿಡಿಸ್ಕೊಂಡ್ಲಾ?"

ಕಥೆ ಶುರುವಾದಾಗ ಮೇಜಿನ ಹಿಂದೆ ಇದ್ದ ಮೇಷ್ಟ್ರು ಅಷ್ಟು ಹೊತ್ತಿಗೆ ಯಾವಾಗಲೋ ಕುರ್ಚಿ ಎಳೆದುಕೊಂಡು ಯೋಗಾನಂದನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದಿದ್ದರು. ಕೆಮ್ಮಿದರು. "ಇದು ಸಿಲಬಸ್ಸಿನಲ್ಲಿ ಇರಲಿಲ್ಲ," ಎಂದರು. ಆಮೇಲೆ ಮೆಲ್ಲಗೆ, "ನಾನು ಓದಿದ್ದು ಗೈಡು, ಅದರಲ್ಲಿ ಆ ನಾಯಿಯೂ ಇರಲಿಲ್ಲ. ಹುಡುಗ ಪರೀಕ್ಷೆಯಲ್ಲಿ ತೇರ್ಗಡೆ. ಪರೀಕ್ಷಕರ ಫಲಿತಾಂಶದ ಮಾತು ಬೇಡ," ಎಂದರು. ಇಪ್ಪತ್ತೆರಡು ವರ್ಷ ಪಾಠ ಹೇಳಿದ ಮನುಷ್ಯ, ಹತ್ತು ಜನರ ಎದುರಿಗೆ ಹಾಗೆ ಹೇಳಿದ್ದು ಕಂಡು ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಇಳಿಯಿತು.

"ತೇರ್ಗಡೆಯೋ ಮತ್ತೊಂದೋ, ನಂಗೆ ತಿಳಿಯಲ್ಲ," ಎಂದರು ಭದ್ರಮ್ಮ. "ಆ ಕೂಸು ಮೆಟ್ಟಿಲ ಮೇಲೆ ನಿಂತವ್ಳೆ. ಹಂಗೇ ಬುಟ್ಟು ಹೋದ್ರೆ ನಾನು ಹೆಂಗೆ ಅನ್ನ ಉಣ್ಣಲಿ? ಬರೋ ಭಾನುವಾರ ಬಂದ್ಬುಡಪ್ಪ. ನಿಮ್ಮವ್ವನ್ನೂ ಕರ್ಕೊಂಡು ಬಾ."

ದೇವೀರಮ್ಮ ಅಳುತ್ತಲೂ ನಗುತ್ತಲೂ ಭದ್ರಮ್ಮನ ಕೈ ಹಿಡಿದುಕೊಂಡಳು. ಜವರಯ್ಯ ಎಲ್ಲವೂ ತನ್ನ ಯೋಜನೆಯಂತೆಯೇ ನಡೆಯಿತು ಎಂದು ಜಗಲಿಯವರಿಗೆ ವಿವರಿಸಲು ಹೊರಟ. ತಳ ಹಿಡಿದ ಉಪ್ಪಿಟ್ಟನ್ನು ಎಲ್ಲರೂ ಮಾತಾಡದೆ ತಿಂದೆವು.

ಹೊರಡುವಾಗ ಯೋಗಾನಂದ ಜೀಪಿನ ಹತ್ತಿರ ಹೋದವನು ವಾಪಸು ಬಂದು ಬಾಗಿಲಲ್ಲಿ ನಿಂತ. ಪುಸ್ತಕವನ್ನು ದೀಪಶ್ರೀಯ ಕಡೆಗೆ ಚಾಚಿದ. "ಇದ ಇಲ್ಲೇ ಬಿಟ್ಟು ಹೋಗ್ಲಾ? ನಿಮಗೆ ಇಂಗ್ಲಿಷು ಚೆನ್ನಾಗಿ ಬರುತ್ತೆ. ನಲವತ್ತು ಪುಟ, ಒಂದೇ ದಿನಕ್ಕೆ ಮುಗಿಸ್ಬಹುದು."

ಅವಳು ಪುಸ್ತಕ ತೆಗೆದುಕೊಂಡಳು. ಅವನು ಗುರುತಿಗೆ ಇಟ್ಟಿದ್ದ ಚೀಟಿಯ ಜಾಗ ತೆರೆದು, ಉಳಿದ ಪುಟಗಳನ್ನು ಬೆರಳಿನ ನಡುವೆ ಹಿಡಿದು ಎಷ್ಟು ದಪ್ಪ ಇದೆ ಎಂದು ನೋಡಿದಳು. ಮತ್ತೆ ಮುಚ್ಚಿ ಅವನ ಕೈಯಲ್ಲೇ ಇಟ್ಟಳು.

"ಬೇಡ. ನೀವೇ ತಗೊಂಡು ಬನ್ನಿ," ಎಂದಳು. "ವಾರಕ್ಕೆ ಐದು ಪುಟಕ್ಕಿಂತ ಜಾಸ್ತಿ ಓದಬೇಡಿ."